ಡಾಲೆಕರು: ಕೊಂದಷ್ಟೂ ಮರಳಿ ಬರುವ ಖಳರ ಕತೆ

ವೈಕುಂಠದ ದ್ವಾರಪಾಲಕರಾದ ಜಯ ವಿಜಯರು ಮೂರು ಜನ್ಮಗಳಲ್ಲಿ ಹರಿವೈರಿಗಳಾಗಿ ಹುಟ್ಟಿ, ಕೊನೆಗೆ ಶಿಶುಪಾಲ ದಂತವಕ್ತ್ರರಾಗಿ ಸತ್ತು ಶಾಪ ಕಳೆದುಕೊಂಡರೆಂಬುದು ನಮಗೆಲ್ಲ ತಿಳಿದ ಕತೆ. ಅಲ್ಲಿ ಮೂರಕ್ಕೇ ಮುಗಿಯಿತು. ಇಂಗ್ಲೆಂಡಿನ ದೂರದರ್ಶನದಲ್ಲಿ 1963ರಲ್ಲಿ ಹುಟ್ಟಿದ ಖಳರ ಕುಲವೊಂದಕ್ಕೆ ಮಾತ್ರ ಅಂತಹ ಗಡುವೇ ಇಲ್ಲ. ಬಿ.ಬಿ.ಸಿ.ಯ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ಡಾಲೆಕರು ಇವರು. ಮಕ್ಕಳ ಮನರಂಜನೆಯ ಸಾಮಗ್ರಿಗೆ ನಮ್ಮ ಪತ್ರಿಕೆಯಲ್ಲಿ ಇಷ್ಟು ಪುಟವೇಕೆಂದು ಓದುಗರು ಕೇಳಬಹುದು. ಇವರ ಜನ್ಮವೃತ್ತಾಂತವನ್ನು ಕೆದಕಿದಾಗ ಎರಡನೆಯ ಮಹಾಯುದ್ಧವನ್ನು ಬಾಲ್ಯದಲ್ಲೇ ಕಂಡ ಒಂದು ತಲೆಮಾರಿನ ಭಯ ನಮಗೆ ಎದುರಾಯಿತು. ಅದನ್ನು ಹಂಚಿಕೊಳ್ಳಬೇಕೆನಿಸಿತು.

ಧಾರಾವಾಹಿಯ ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾದ ಮರುದಿನ. ಪೊಲೀಸರ ನೀಲಿ ಟೆಲಿಫೋನ್ ಪೆಟ್ಟಿಗೆಯ ರೂಪದ ವಾಹನದಲ್ಲಿ ಕಾಲ ದೇಶಗಳನ್ನು ದಾಟಿ ಅಲೆಯುವ ‘ಡಾಕ್ಟರ’ ಇದರ ನಾಯಕ. ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ನರಿಗೆ ಇದ್ದ ಉದ್ದೇಶ, ಶನಿವಾರದ ಸಂಜೆ ಮನೆಮಂದಿ ಕುಳಿತು ನೋಡುತ್ತ ಚರಿತ್ರೆಯನ್ನೂ ವಿಜ್ಞಾನವನ್ನೂ ಅಷ್ಟಿಷ್ಟು ಕಲಿಯಲಿ ಎಂಬುದು. ಗುಡ್ಡೆಗಣ್ಣಿನ ವಿಕಾರ ಪ್ರಾಣಿಗಳು ಮಾತ್ರ ಬೇಡವೇ ಬೇಡವೆಂದು ಅವರು ಮೊದಲೇ ತಾಕೀತು ಮಾಡಿದ್ದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಆಗಿನ್ನೂ 27ರ ತರುಣಿ. ಮೊದಲ ಕಥಾನಕದ ನಿರ್ದೇಶಕ ವಾರಿಸ್ ಹುಸೇನ್, ನಮ್ಮ ಲಖನೌದಲ್ಲಿ ಹುಟ್ಟಿದವರು, ಲೇಖಕಿ ಅತಿಯಾ ಹುಸೇನರ ಮಗ. ಅವರಿಗಿನ್ನೂ 25 ತುಂಬಿರಲಿಲ್ಲ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯ ಕಥಾನಕವನ್ನು ಬರೆದವರು ಟೆರಿ ನೇಷನ್ ಎಂಬವರು. ವೇಲ್ಸಿನ ಕಾರ್ಡಿಫ್ ನಗರದಲ್ಲಿ 1930ರಲ್ಲಿ ಹುಟ್ಟಿ, ಬಾಂಬುದಾಳಿಯ ಇರುಳುಗಳಲ್ಲಿ ಬೆಳೆದವರು. ಹಾಸ್ಯನಟ ಟೋನಿ ಹ್ಯಾನ್‌ಕಾಕರಿಗೆ ಬರೆಯುತ್ತಿದ್ದ ಇವರು ಮೊದಲು ಈ ಕೆಲಸವನ್ನು ಬೇಡವೆಂದಿದ್ದರು. ಆಮೇಲೆ ಹ್ಯಾನ್‌ಕಾಕರೊಡನೆ ಜಗಳವಾದದ್ದರಿಂದ ಒಪ್ಪಿಕೊಂಡರು. ಅವರ ಕತೆಯಲ್ಲಿ ಸ್ಕಾರೋ ಎಂಬ ಗ್ರಹ. ಅಣುಯುದ್ಧದಿಂದ ಹಾಳಾದ ಆ ನೆಲದಲ್ಲಿ ಉಳಿದವು ಎರಡು ಕುಲ. ಥಾಲರು ಯುದ್ಧವನ್ನೇ ತೊರೆದು ಬೇಸಾಯಕ್ಕೆ ಇಳಿದವರು. ಡಾಲೆಕರೋ, ವಿಕಿರಣದಿಂದ ಮೈ ಮುದುಡಿ, ಲೋಹದ ಕವಚದೊಳಗೆ ಸೇರಿಕೊಂಡವರು. ಥಾಲರು ತಮ್ಮಂತಿಲ್ಲ ಎಂಬುದಷ್ಟೇ ಅವರನ್ನು ನಿರ್ನಾಮ ಮಾಡಲು ಡಾಲೆಕರಿಗೆ ಸಾಕಾದ ಕಾರಣ. ನಾಜಿಗಳ ನೆರಳು ಇಲ್ಲಿ ಯಾರಿಗಾದರೂ ಕಾಣುವಂಥದೇ. ಮೇಲಿನವರಿಗೆ ಈ ಕತೆ ಹಿಡಿಸಲಿಲ್ಲ. ಆದರೆ ಚಿತ್ರೀಕರಣಕ್ಕೆ ಸಿದ್ಧವಾಗಿದ್ದ ಬೇರೆ ಕತೆಯೇ ಇರಲಿಲ್ಲವಾದ್ದರಿಂದ ಬೇಡವಾದದ್ದೇ ಗತಿಯಾಯಿತು!

ಆಕಾರ ಕೊಟ್ಟವರು ಬಿ.ಬಿ.ಸಿ.ಯ ಸಂಬಳದ ನೌಕರ ರೇಮಂಡ್ ಕ್ಯೂಸಿಕ್. ಮೆಣಸಿನ ಪುಡಿಯ ಕುಪ್ಪಿಯನ್ನು ನೋಡಿ ರೂಪ ಹೊಳೆಯಿತೆಂಬ ಮಾತು ಲೋಕದಲ್ಲೆಲ್ಲ ಹಬ್ಬಿದೆ. ಕ್ಯೂಸಿಕ್ಕರು ಇದನ್ನು ಒಪ್ಪುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಕುಪ್ಪಿಯನ್ನು ಅತ್ತಿತ್ತ ಸರಿಸಿ ಇದು ಹೀಗೆ ಜಾರಬೇಕೆಂದು ತೋರಿಸಿದ್ದು ನಿಜ, ಆ ಹೊತ್ತಿಗೆ ಕೈಗೆ ಉಪ್ಪಿನದು ಸಿಕ್ಕಿದ್ದರೆ ಅದನ್ನೇ ಸರಿಸುತ್ತಿದ್ದೆ ಎನ್ನುತ್ತಿದ್ದರು. ಅವರು ಹೊರಟದ್ದು ಕುರ್ಚಿಯ ಮೇಲೆ ಕುಳಿತ ಮನುಷ್ಯನಿಂದ. ಅವನ ಸುತ್ತ ಗೆರೆ ಎಳೆದು ಕವಚ ಮಾಡಿದರು. ಕೈಯ ಬದಲಿಗೆ ಕಟ್ಟಿಕೊಂಡ ಮೋರಿಯನ್ನು ಬಿಡಿಸುವ ರಬ್ಬರಿನ ಬಟ್ಟಲು. ಒಳಗೆ ಕುಳಿತ ನಟ ಕಾಲಿನಿಂದ ನೆಲವನ್ನು ತಳ್ಳುತ್ತ ಚಕ್ರಗಳ ಮೇಲೆ ಸಾಗಬೇಕು. ಮಾತು ಅವನದಲ್ಲ; ಪೀಟರ್ ಹಾಕಿನ್ಸ್ ಮತ್ತು ಡೇವಿಡ್ ಗ್ರಹಾಮರು ಮೈಕಿನ ಮುಂದೆ ಆಡಿದ ನುಡಿಯನ್ನು ಬ್ರಯನ್ ಹಾಡ್ಜ್‌ಸನ್ನರು ವಿದ್ಯುತ್ ಉಪಕರಣದಲ್ಲಿ ಹಾಯಿಸಿ ಒಡೆದ ದನಿಯಾಗಿಸಿದರು. ಆ ಮಾತಿಗೆ ತಕ್ಕಂತೆ ತಲೆಯ ದೀಪ ಮಿನುಗಿಸುವುದಷ್ಟೇ ಒಳಗಿನವನ ಅಭಿನಯ.

1963ರ ಡಿಸೆಂಬರ್ 21ರಂದು ಮೊದಲ ದರ್ಶನ. ದರ್ಶನವೆಂದರೂ ಕಂಡದ್ದು ಆ ರಬ್ಬರಿನ ತೋಳು ಮಾತ್ರ. ಶಿಕ್ಷಕಿ ಬಾರ್ಬರಾ ಗೋಡೆಗೆ ಒರಗಿ ಚೀರುತ್ತಾಳೆ, ಕಂತು ಮುಗಿಯುತ್ತದೆ. ಪೂರ್ತಿ ರೂಪಕ್ಕೆ ಒಂದು ವಾರ ಕಾಯಬೇಕು. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರಿಸಿ, ತುಸುವೇ ಮೋರೆ ತೋರಿಸಿ ಮರೆಯಾಗುವುದನ್ನು ಕಂಡವರಿಗೆ ಈ ತಂತ್ರದ ಬಲವನ್ನು ವಿವರಿಸಬೇಕಾಗಿಲ್ಲ. ಏಳು ಕಂತುಗಳ ಈ ಕಥಾನಕ ಮುಗಿಯುವ ಹೊತ್ತಿಗೆ ವೀಕ್ಷಕರು ಒಂದು ಕೋಟಿ ಮೀರಿದ್ದರು. ಕತೆಯ ಕೊನೆಯಲ್ಲಿ ಡಾಲೆಕರೆಲ್ಲ ಸತ್ತಿದ್ದರು. ಬರೆದವರಿಗೂ ಅವರನ್ನು ಮತ್ತೆ ಎಬ್ಬಿಸುವ ಯೋಚನೆ ಇರಲಿಲ್ಲ. ಎಬ್ಬಿಸಿದ್ದು ಜನ.

ಆಮೇಲೆ ಆಟಿಕೆ, ಪುಸ್ತಕ, 1965ರಲ್ಲಿ ಬಣ್ಣದ ಚಲನಚಿತ್ರ. ಹಣ ಹರಿಯಿತು. ನೇಷನ್ನರು ಹೊರಗಿನ ಬರಹಗಾರರಾದ್ದರಿಂದ ಒಪ್ಪಂದದ ಪ್ರಕಾರ ಡಾಲೆಕರ ಹಕ್ಕಿನಲ್ಲಿ ಪಾಲು ಪಡೆದು ಸಿರಿವಂತರಾದರು. ಕ್ಯೂಸಿಕ್ಕರು ನೌಕರರು, ಅವರ ರಚನೆ ಧಣಿಯ ಸೊತ್ತು. ಮೆಚ್ಚುಗೆಯಾಗಿ ಅವರಿಗೆ ದೊರೆತದ್ದು ಸುಮಾರು ನೂರು ಪೌಂಡು. ಮಕ್ಕಳು ಕಾಗದದ ಮೇಲೆ ಬಿಡಿಸುತ್ತಿದ್ದುದು ಕ್ಯೂಸಿಕ್ಕರ ಗೆರೆಯನ್ನು, ದುಡ್ಡು ಸೇರುತ್ತಿದ್ದುದು ಬೇರೆಯವರ ಕಿಸೆಗೆ. ಕಾನೂನಿನ ಮಾತಿನಲ್ಲಿ ಇದು ಸರಿಯೇ ಇರಬಹುದು. ನ್ಯಾಯವೆಂದು ನಮ್ಮ ಮನಸ್ಸು ಒಪ್ಪುವುದಿಲ್ಲ. 2013ರಲ್ಲಿ ಅವರು ತೀರಿಕೊಂಡರು.

1964ರ ಕೊನೆಯಲ್ಲಿ ಬಂದ ಎರಡನೆಯ ಕಥಾನಕ ನಮ್ಮ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಹೆಚ್ಚಿನದು. ಇಲ್ಲಿ ಡಾಲೆಕರು ಭೂಮಿಯನ್ನೇ ಗೆದ್ದಿದ್ದಾರೆ. ಥೇಮ್ಸ್ ನದಿಯ ನೀರಿನಿಂದ ಒಬ್ಬ ಮೇಲೇಳುತ್ತಾನೆ; ನಿರ್ಜನವಾದ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಇವರ ಗಸ್ತು; ಸೆರೆಸಿಕ್ಕವರು ಗಣಿಯಲ್ಲಿ ಜೀತಕ್ಕೆ. ಹಿಟ್ಲರನ ಸೈನ್ಯ ಕಡಲು ದಾಟಿ ಬಂದಿದ್ದರೆ ಏನಾಗುತ್ತಿತ್ತೆಂದು ಇಪ್ಪತ್ತು ವರ್ಷಗಳ ಹಿಂದೆ ರಾತ್ರಿಯಿಡೀ ಯೋಚಿಸಿದ್ದ ತಂದೆ ತಾಯಂದಿರೂ ಮಕ್ಕಳ ಪಕ್ಕದಲ್ಲೇ ಕುಳಿತು ಇದನ್ನು ನೋಡಿದರು.

1966ರಲ್ಲಿ ನಾಯಕನ ನಟ ಬದಲಾಗಿ, ಡಾಕ್ಟರನು ದೇಹವನ್ನೇ ಬದಲಿಸಬಲ್ಲನೆಂಬ ಉಪಾಯ ಹುಟ್ಟಿತು. ಅದೇ ವರ್ಷ ಸೈಬರ್‌ಮನ್ನರೆಂಬ ಮತ್ತೊಂದು ಖಳಕುಲವೂ ಬಂತು, ಡಾಲೆಕರಷ್ಟು ಮೇಲೇರಲಿಲ್ಲ. 1967ರಲ್ಲಿ ನೇಷನ್ನರು ಡಾಲೆಕರನ್ನು ಅಮೆರಿಕಕ್ಕೆ ಒಯ್ಯುವ ಆಸೆಯಲ್ಲಿದ್ದುದರಿಂದ ಅಂತರ್ಯುದ್ಧವೊಂದರಲ್ಲಿ ಅವರಿಗೆ ಕೊನೆ ಕಾಣಿಸಲಾಯಿತು. ಅಮೆರಿಕ ಕೈಗೂಡಲಿಲ್ಲ, 1972ರಲ್ಲಿ ಡಾಲೆಕರು ಊರಿಗೆ ಮರಳಿದರು. (ಆ 1967ರ ಕಥಾನಕದ ಬಹುತೇಕ ಕಂತುಗಳು ಇಂದು ಇಲ್ಲ. ಹಳೆಯ ಟೇಪುಗಳನ್ನು ಬಿ.ಬಿ.ಸಿ.ಯೇ ಅಳಿಸಿಹಾಕಿತ್ತು. ಡಾಕ್ಟರನಿಗೆ ಆಗದ ಕೆಲಸವನ್ನು ಕಚೇರಿಯ ಗುಮಾಸ್ತೆಗಳು ಮಾಡಿದರು!)

1975ರ ಮಾರ್ಚ್–ಏಪ್ರಿಲ್‌ನಲ್ಲಿ ಆರು ಕಂತುಗಳಾಗಿ ಬಂದದ್ದು ಡಾಲೆಕರ ಹುಟ್ಟಿನ ಕತೆ, ನೇಷನ್ನರದೇ ಬರಹ. ಕಪ್ಪು ಸಮವಸ್ತ್ರ ತೊಟ್ಟು ಹಿಮ್ಮಡಿ ಬಡಿಯುವ ಕಾಲೆಡರು, ಅವರ ನಡುವೆ ಗಾಲಿಕುರ್ಚಿಯ ವಿಜ್ಞಾನಿ ದಾವ್ರೋಸ್. ತನ್ನ ಜನ ಉಳಿಯಬೇಕಾದರೆ ಕರುಣೆಯೇ ಇಲ್ಲದ ಜೀವಿಗಳಾಗಬೇಕೆಂದು ಅವನು ಡಾಲೆಕರನ್ನು ಸೃಷ್ಟಿಸುತ್ತಾನೆ. ಭಸ್ಮಾಸುರನಿಗೆ ವರ ಕೊಟ್ಟ ಶಿವನಿಗಾದರೂ ಕಾಯಲು ವಿಷ್ಣುವಿದ್ದ. ದಾವ್ರೋಸನನ್ನು ಅವನ ಸೃಷ್ಟಿಯೇ ಸುಡುತ್ತದೆ. ಆದರೆ ನಮ್ಮ ಮನಸ್ಸಿನಲ್ಲಿ ನಿಂತದ್ದು ಬೇರೊಂದು ದೃಶ್ಯ. ಹುಟ್ಟಿನಲ್ಲೇ ಈ ಕುಲವನ್ನು ತಡೆಯಲು ಬಂದ ಡಾಕ್ಟರನ ಕೈಯಲ್ಲಿ ಎರಡು ತಂತಿಗಳಿವೆ. ಮುಟ್ಟಿಸಿದರೆ ಡಾಲೆಕರ ಮರಿಗಳೆಲ್ಲ ಬೂದಿ. ಟಾಮ್ ಬೇಕರ್ ಆ ತಂತಿಗಳನ್ನು ಹಿಡಿದು ನಿಲ್ಲುತ್ತಾರೆ, ಮುಟ್ಟಿಸುವುದಿಲ್ಲ. ಮುಂದೆ ಸರ್ವಾಧಿಕಾರಿಯಾಗಲಿರುವನೆಂದು ಗೊತ್ತಿದ್ದರೂ ಒಂದು ಮಗುವನ್ನು ಕೊಲ್ಲಬಹುದೆ? ಒಂದು ಕುಲವನ್ನೇ ಅಳಿಸಿದರೆ ತಾನೂ ಡಾಲೆಕನೇ ಆಗುವುದಿಲ್ಲವೆ? ಅಷ್ಟರಲ್ಲಿ ಬೇರೆ ಸುದ್ದಿ ಬಂದು ಅವನು ಪಾರಾಗುತ್ತಾನೆ. ಮುಂದೆ ಆ ತಂತಿಗಳನ್ನು ಮುಟ್ಟಿಸುವುದು ಮೇಲೆ ಹಾದುಹೋದ ಒಬ್ಬ ಡಾಲೆಕ್. ಕತೆಗಾರರು ಉತ್ತರ ಕೊಡದೆ ನುಣುಚಿಕೊಂಡರೆಂದು ಆಕ್ಷೇಪಿಸುವವರಿದ್ದಾರೆ. ಪ್ರಶ್ನೆಯನ್ನು ಮಕ್ಕಳ ಮುಂದೆ ಇಟ್ಟದ್ದೇ ದೊಡ್ಡದೆಂದು ನಮ್ಮ ಭಾವನೆ.

ಡಾಲೆಕರು ಮೆಟ್ಟಿಲು ಹತ್ತಲಾರರೆಂಬುದು ಬಹುಕಾಲದ ನಗೆಮಾತು. 1988ರಲ್ಲಿ ಒಬ್ಬನು ಮೆಟ್ಟಿಲ ಮೇಲೆ ತೇಲುತ್ತ ಬಂದು ಆ ನಗೆಯನ್ನು ನಿಲ್ಲಿಸಿದ. ಬೆನ್ ಅರೊನೊವಿಚ್ ಬರೆದ ಆ ಕತೆ ನಡೆಯುವುದು 1963ರ ನವೆಂಬರಿನ ಲಂಡನ್ನಿನಲ್ಲೇ. ಡಾಲೆಕರ ಎರಡು ಪಂಗಡಗಳು ಯಾರ ರಕ್ತ ಶುದ್ಧವೆಂದು ಕಾದಾಡುತ್ತಿವೆ. ಇತ್ತ ಡಾಕ್ಟರನ ಸಂಗಾತಿ ಏಸ್ ಎಂಬ ಹುಡುಗಿ ತಂಗಿದ ಮನೆಯ ಕಿಟಕಿಯಲ್ಲಿ ಒಂದು ಫಲಕ: ಕರಿಯರಿಗೆ ಇಲ್ಲಿ ಕೋಣೆ ಇಲ್ಲ. ಒಡತಿ ಆದರದ ಹೆಂಗಸು, ಮಗ ನಗುಮೊಗದ ಸೈನಿಕ. ಏಸ್ ಅದನ್ನು ಕಾಣುತ್ತಾಳೆ. ವಾರಿಸ್ ಹುಸೇನರು ಮೊದಲ ಕಥಾನಕವನ್ನು ನಿರ್ದೇಶಿಸಿದ ವರ್ಷ ಇಂತಹ ಫಲಕಗಳು ಲಂಡನ್ನಿನಲ್ಲಿ ನಿಜವಾಗಿಯೂ ಇದ್ದವು. ಬಾಡಿಗೆ ಮನೆಯ ವಿಷಯದಲ್ಲಿ ಅವನ್ನು ಕಾನೂನು ತಡೆದದ್ದು 1968ರಲ್ಲಿ. ಪರಊರುಗಳಲ್ಲಿ ಕೋಣೆ ಹುಡುಕಿ, ಹೆಸರು ಕೇಳಿದೊಡನೆ ಬಾಗಿಲು ಮುಚ್ಚಿದ್ದನ್ನು ಕಂಡ ನಮ್ಮಂಥವರಿಗೆ ಆ ಒಂದು ನಿಮಿಷದ ದೃಶ್ಯ ಇಡೀ ಯುದ್ಧಕ್ಕಿಂತ ಹೆಚ್ಚು ನಾಟುತ್ತದೆ.

1989ರಲ್ಲಿ ನಿಂತ ಧಾರಾವಾಹಿ 2005ರಲ್ಲಿ ಮತ್ತೆ ಆರಂಭವಾಯಿತು. ನೇಷನ್ನರು 1997ರಲ್ಲೇ ತೀರಿಕೊಂಡಿದ್ದರು. ಅವರ ವಾರಸುದಾರರೊಡನೆ ಹಕ್ಕಿನ ಮಾತುಕತೆ ಮುರಿದು, ಆಮೇಲೆ ಕೂಡಿಬಂತು. ಏಪ್ರಿಲ್ 30ರ ಕಂತಿನಲ್ಲಿ ಉಳಿದಿರುವುದು ಒಬ್ಬನೇ ಡಾಲೆಕ್, ಧನಿಕನೊಬ್ಬನ ನೆಲಮಾಳಿಗೆಯಲ್ಲಿ ಸರಪಳಿ ಬಿಗಿದ ಕೈದಿ. ಈ ಸಲ ಬಂದೂಕು ಹಿಡಿದು ಬರುವವನು ಡಾಕ್ಟರ. ಅಡ್ಡ ನಿಲ್ಲುವವಳು ಜತೆಗಾತಿ ರೋಸ್. ಕವಚ ತೆರೆದು, ಒಂಟಿಕಣ್ಣಿನ ಆ ಮುದುಡಿದ ಜೀವಿ ಬಿಸಿಲನ್ನು ಮುಟ್ಟಲೆಂದು ತೋಳು ಚಾಚುತ್ತದೆ, ಬಳಿಕ ತನ್ನನ್ನು ತಾನೇ ನಾಶಮಾಡಿಕೊಳ್ಳುತ್ತದೆ. ಇದು ಕೊನೆಯ ಡಾಲೆಕ್ ಎಂದು ಎಲ್ಲರೂ ತಿಳಿದರು. ಸರಿಯಾಗಿ ಏಳು ವಾರಗಳ ಮೇಲೆ, ಜೂನ್ 18ರಂದು, ಲಕ್ಷಗಟ್ಟಲೆ ಡಾಲೆಕರ ದಂಡು ಬಂದಿಳಿಯಿತು. ಎಲ್ಲರನ್ನೂ ಸುಡಬಲ್ಲ, ಜತೆಗೆ ಭೂಮಿಯ ಜನರನ್ನೂ ಸುಡಬಲ್ಲ ಯಂತ್ರದ ಹಿಡಿ ಡಾಕ್ಟರನ ಕೈಯಲ್ಲಿತ್ತು. ಮೂವತ್ತು ವರ್ಷಗಳ ಹಿಂದಿನಂತೆಯೇ ಅವನು ಕೈ ತೆಗೆದ.