ನಮ್ಮ ಚಿಕ್ಕಪ್ಪನ ಅಂಗವೈಕಲ್ಯ ಎಷ್ಟು ಪರ್ಸೆಂಟು?

 

ಮಾನಸಿಕ ಕಾಯಿಲೆ ಇರೋರಿಗೆ ಅಂಗವಿಕಲರ ಸರ್ಟಿಫಿಕೇಟ್ ಹೇಗೆ ಕೊಡ್ತಾರೆ ಗೊತ್ತಾ? 'ಐಡಿಯಾಸ್' ಅಂತ ಒಂದು ಅಳತೆಗೋಲಿದೆ. ನಮ್ಮ ದೇಶದ ಮನೋವೈದ್ಯರ ಸಂಘವೇ ಮಾಡಿದ್ದು, 2002ರಲ್ಲಿ ಸರ್ಕಾರ ಒಪ್ಪಿಕೊಂಡಿದ್ದು. ತನ್ನನ್ನು ತಾನು ನೋಡಿಕೊಳ್ಳೋದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ನಾಲ್ಕಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ಹಳೇದು ಅನ್ನೋದಕ್ಕೆ ಇನ್ನಷ್ಟು. 20ಕ್ಕೆ 7 ಬಂದ್ರೆ 40 ಪರ್ಸೆಂಟ್, ಸೌಲಭ್ಯಕ್ಕೆ ಅರ್ಹ. ಸ್ಕೂಲ್ ಪರೀಕ್ಷೆಗೆ ಪೂರ್ತಿ ಉಲ್ಟಾ.

ನನ್ನ ತಕರಾರು ಆ ಕೆಲಸದ ಅಂಕದ್ದು.

ಬ್ರೂಕ್‌ಫೀಲ್ಡ್ ಅನ್ನೋ ಹೆಸರು ಬರೋ ಮುಂಚೆ ಇದು ಕುಂದಲಹಳ್ಳಿ ಸುತ್ತಿನ ಹೊಲ. ನಮ್ಮ ಚಿಕ್ಕಪ್ಪನಿಗೆ ಯಾರೂ ಇಲ್ಲದಿದ್ರೂ ದನಿ ಕೇಳಿಸ್ತಿತ್ತು. ಆದ್ರೂ ಗೊಬ್ಬರ ಹೊರ್ತಿದ್ದ, ರಾಗಿ ಕುಯ್ತಿದ್ದ, ದನ ಕಾಯ್ತಿದ್ದ. ಕೆರೆ ಏರಿ ಮೇಲೆ ಒಬ್ಬನೇ ಮಾತಾಡ್ಕೊಂಡು ಹೋದ್ರೆ ದನಗಳೇನೂ ಬೇಜಾರು ಮಾಡ್ಕೊಳ್ತಿರಲಿಲ್ಲ. ಊರು ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಿಲ್ಲ. ಅವನ ಕಾಫಿ ಲೋಟ ಹೊರಗಡೆ ಗೋಡೆ ಮೇಲೇ ಇರ್ತಿತ್ತು, ಅದು ಕಾಯಿಲೆಗಲ್ಲ, ಜಾತಿಗೆ. ಆದರೆ ಅವನು ಮಾಡಬಹುದಾದ ಕೆಲಸ ಇತ್ತು. ಆಗ ಅಳೆದಿದ್ರೆ ಒಂದೋ ಎರಡೋ ಅಂಕ.

ಪರಿಸರ ಮುಖ್ಯ ಅನ್ನೋದು ಈ ಊರಿನ ಡಾಕ್ಟರುಗಳಿಗೆ ಗೊತ್ತಿಲ್ಲದ್ದೇನಲ್ಲ. 1847ರಲ್ಲಿ ಬೆಂಗಳೂರಿನ ಪೇಟೆಯಲ್ಲಿ ಹುಚ್ಚಾಸ್ಪತ್ರೆ ಶುರುವಾಯ್ತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಅಂತಾಯ್ತು, 1930ರ ದಶಕದಲ್ಲಿ ಈಗಿನ ನಿಮ್ಹಾನ್ಸ್ ಜಾಗಕ್ಕೆ ಬಂತು. ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ಅಲ್ಲಿನವರೇ ಸಕಲವಾರದ ಹಳ್ಳಿಗೆ ಹೋದರು, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಚಿಕಿತ್ಸೆ ಸಿಗೋ ಹಾಗೆ ಮಾಡಿದರು. ಆಮೇಲೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರೋರನ್ನ ಹುಡುಕಿ ಮಾತ್ರೆ ಕೊಟ್ಟರು. ತಗೊಂಡವರ ಅಂಗವೈಕಲ್ಯ ಇಳೀತು, ಅದನ್ನ ಅಳೆದಿದ್ದೂ ಇದೇ ಐಡಿಯಾಸಿನಿಂದ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಬರೆದಿಟ್ಟಿದೆ: ಅಂಗವೈಕಲ್ಯ ಬರೀ ಮೈಯೊಳಗಿಲ್ಲ, ಸುತ್ತಲಿನ ಜನ, ಜಾಗ, ಕಾನೂನು ಎಲ್ಲ ಸೇರಿ ಆಗೋದು. ಮರುವರ್ಷ ಒಪ್ಪಿದ ನಮ್ಮ ಅಳತೆಗೋಲಲ್ಲಿ ಸುತ್ತಲಿನದಕ್ಕೆ ಒಂದು ಅಂಕವೂ ಇಲ್ಲ!

90ರ ದಶಕದಲ್ಲಿ ಐಟಿಪಿಎಲ್ ಬಂತು. ಪಟ್ಟಾ ಇದ್ದೋರಿಗೆ ದುಡ್ಡು ಬಂತು, ಕೂಲಿಯವರಿಗೆ ಕೂಲಿ ಹೋಯ್ತು. ಕೇರಿಯವರಿಗೆ ಉಳಿದಿದ್ದು ಹೌಸ್‌ಕೀಪಿಂಗು, ಸೆಕ್ಯೂರಿಟಿ. ಚಿಕ್ಕಪ್ಪನೂ ಒಬ್ಬ ಕಂಟ್ರಾಕ್ಟರ್ ಕೆಳಗೆ ನೆಲ ಒರೆಸೋಕೆ ಸೇರಿದ. ರಾತ್ರಿ ಮಾತ್ರೆ ನುಂಗಿದ್ರೆ ಬೆಳಗ್ಗೆ ಕಣ್ಣು ಬಿಡೋಕಾಗಲ್ಲ, ಶಿಫ್ಟು ಆರಕ್ಕೆ. ಮಾತ್ರೆ ಬಿಟ್ರೆ ದನಿ ಜೋರಾಗುತ್ತೆ. ಮಾತ್ರೆ ಬಿಟ್ಟ. ಗಾಜಿನ ಬಾಗಿಲ ಮುಂದೆ ತನ್ನಷ್ಟಕ್ಕೆ ಮಾತಾಡ್ತಿದ್ದಾನೆ ಅಂತ ಹದಿನೈದನೇ ದಿನಕ್ಕೆ ಬೇಡ ಅಂದರು. ಅದೇ ಬಾಗಿಲ ಹತ್ರ ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಗಾಳಿ ಜೊತೆ ಮಾತಾಡೋ ನೂರು ಜನ ಓಡಾಡ್ತಿರ್ತಾರೆ, ಅದು ಬೇರೆ.

ಈಗ ಕೆಲಸಕ್ಕೆ ಅಂಕ 4. ಕೆಲಸ ಇಲ್ಲದೆ ಮನೇಲಿ ಕೂತು ಒಡನಾಟದ ಅಂಕವೂ ಏರಿತು. ಇದು ಅವನ ಕಾಯಿಲೆಯ ಅಂಕವಾ, ಈ ರಸ್ತೆಯ ಅಂಕವಾ? ಸರ್ಟಿಫಿಕೇಟಲ್ಲಿ ಹೆಸರು ಮಾತ್ರ ಅವನದೇ. ಅದನ್ನ ಮಾಡಿಸೋಕೆ, ಮಾತ್ರೆ ತರೋಕೆ ಓಡಾಡಿದ ದಿನವೆಲ್ಲ ಜೊತೆಗೆ ಹೋದೋರ ಕೂಲಿಯೂ ಕಟ್.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಸೇರಿಸಿದೆ. ಮೀಸಲಾತಿ ಸರ್ಕಾರಿ ಕೆಲಸಕ್ಕೆ ಮಾತ್ರ, ಆದರೆ ಸಮಾನ ಅವಕಾಶ ನೀತಿ ಪ್ರಕಟಿಸೋದು ಖಾಸಗಿ ಕಂಪನಿಗಳಿಗೂ ಕಡ್ಡಾಯ. ಬ್ರೂಕ್‌ಫೀಲ್ಡು, ವೈಟ್‌ಫೀಲ್ಡಲ್ಲಿ ಕೆಲಸ ಮಾಡೋ ತಮ್ಮ ತಂಗಿಯರೇ, ನಿಮ್ಮ ಕಂಪನಿಯ ಆ ನೀತಿ ತೆಗೆದು ನೋಡಿ. ನೆಲ ಒರೆಸೋ ಕಂಟ್ರಾಕ್ಟ್ ಕೆಲಸದವರ ಬಗ್ಗೆ ಅದರಲ್ಲಿ ಏನಿದೆ, ಶಿಫ್ಟ್ ಬದಲಾಯಿಸಿ ಅಂತ ಅವರು ಯಾರನ್ನ ಕೇಳಬೇಕು? ಸಿಕ್ಕಿದ್ದನ್ನ ಕಮೆಂಟಲ್ಲಿ ಹಾಕಿ.