ಬತ್ತಿಯ ಕೋವಿಯಿಂದ ಬೋಲ್ಟಿನ ಬಂದೂಕಿನವರೆಗೆ

ಮಾನ್ವಿ ಸೀಮೆಯ ಕುರ್ಡಿಯಂತಹ ಗ್ರಾಮಗಳನ್ನು ಒಡಲಲ್ಲಿರಿಸಿಕೊಂಡಿರುವ, ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎರೆನೆಲದ ದೋಆಬು ರಾಜರಾಜರ ಕಲಹಕ್ಕೆ ರಂಗಸ್ಥಳವಾಗಿದ್ದಿತೆಂಬುದನ್ನು ಚರಿತ್ರೆಯನ್ನೋದಿದವರೆಲ್ಲರೂ ಬಲ್ಲರು. ಆದರೆ ಗುರಿಯಿಟ್ಟು ಹಾರಿಸುವ ಕೈಕೋವಿಯ ಶಕ್ತಿಯು ದಕ್ಷಿಣಾಪಥದಲ್ಲಿ ಪ್ರಕಟವಾದ ಸ್ಥಳಗಳಲ್ಲಿ ರಾಯಚೂರಿನ ಕೋಟೆಯೂ ಒಂದೆಂಬುದು ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನ ವಶದಲ್ಲಿದ್ದ ಆ ದುರ್ಗವನ್ನು ಮುತ್ತಿದಾಗ, ಕ್ರಿಸ್ತೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನು ಕೆಲವೇ ಮಂದಿ ಕೋವಿಕಾರರೊಡನೆ ರಾಯನ ಪಾಳೆಯಕ್ಕೆ ಬಂದನು. ಗೋಡೆಯನ್ನು ಕೆಡವುತ್ತಿದ್ದ ಸೈನಿಕರ ಮೇಲೆ ಕಲ್ಲು ಬಾಣಗಳು ಸುರಿಯುತ್ತಿರಲು, ಈ ಕೋವಿಕಾರರು ಕೋಟೆಯ ತೆನೆಗಳ ನಡುವೆ ತಲೆಯೆತ್ತಿದವರನ್ನು ಹೊಡೆದರೆಂದೂ, ಬಗ್ಗಿ ನೋಡಿದ ದುರ್ಗಾಧಿಪತಿಯು ಹಣೆಗೆ ಗುಂಡು ತಾಗಿ ಮಡಿದನೆಂದೂ ಪೋರ್ಚುಗೀಸ್ ಬರಹಗಾರನಾದ ನ್ಯೂನಿಜನು ಬರೆದಿಟ್ಟಿದ್ದಾನೆ.

ಆ ಕೋವಿಕಾರನಿಗೆ ಬತ್ತಿಯ ಬೆಂಕಿಯೂ ಮದ್ದೂ ಒಂದೇ ಮೈಮೇಲೆ. ಮಳೆ ಹನಿದರೆ ಆಯುಧವು ಬರಿಯ ದೊಣ್ಣೆ. ಕಿಡಿ ಹಾರಿದರೆ ಪ್ರಾಣಕ್ಕೇ ಸಂಚಕಾರ. ಕೋವಿಯ ಮುಂದಿನ ಚರಿತ್ರೆಯೆಲ್ಲವೂ ಆ ಬೆಂಕಿಯನ್ನು ಲೋಹದೊಳಗೆ ಬಂಧಿಸಿದ ಚರಿತ್ರೆ. ಆದರೆ ಉರಿಯುವ ಬತ್ತಿಯು ಹಿಡಿದವನನ್ನು ಕ್ಷಣಕ್ಷಣಕ್ಕೂ ಎಚ್ಚರಿಸುತ್ತಿದ್ದಿತು. ಬಂಧಿತವಾದ ಬೆಂಕಿಯು ಎಚ್ಚರಿಸದಾದುದರಿಂದ, ಆ ಎಚ್ಚರವನ್ನು ಮನುಷ್ಯನು ಅಭ್ಯಾಸಬಲದಿಂದಲೇ ಸಂಪಾದಿಸಿಕೊಳ್ಳಬೇಕಾಯಿತು.

ಅತ್ತ ಕೋವಿಯು ಹೀಗೆ ಮಾರ್ಪಡುತ್ತಿರಲು, ಇತ್ತ ದೋಆಬು 1853ರಲ್ಲಿ ನಿಜಾಮನಿಂದ ಬ್ರಿಟಿಷರಿಗೆ ಹೋಗಿ, 1860ರಲ್ಲಿ ನಿಜಾಮನ ರಾಜ್ಯಕ್ಕೇ ಮರಳಿ, 1948ರಲ್ಲಿ ಭಾರತದೊಳಗೆ ಸೇರಿತು. ಅಷ್ಟರಲ್ಲಿ ಜನರು ತ್ರೀ ನಾಟ್ ತ್ರೀ ಎಂದೇ ಕರೆಯುವ ಲೀ-ಎನ್‌ಫೀಲ್ಡ್ ಎಂಬ ಬೋಲ್ಟಿನ ಬಂದೂಕು ದೇಶದ ಸೇನೆ ಪೊಲೀಸರ ಹೆಗಲೇರಿದ್ದಿತು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ಅದು ತಯಾರಾಗುತ್ತಿದ್ದಿತು.

ಅದನ್ನು ಬಿಚ್ಚುವ ಕ್ರಮವನ್ನು ನೋಡಿದರೆ ಆ ಅಭ್ಯಾಸದ ಸ್ವರೂಪವು ತಿಳಿಯುತ್ತದೆ. ನಳಿಗೆಯು ಯಾರತ್ತಲೂ ತಿರುಗಿರಕೂಡದು, ಬೆರಳು ಟ್ರಿಗರಿನ ಹೊರಗಿರಬೇಕು; ಮೊದಲು ಹತ್ತು ತೋಟಾಗಳ ಮ್ಯಾಗಜೀನನ್ನು ಕಳಚಿ, ಬೋಲ್ಟನ್ನು ಹಿಂದಕ್ಕೆಳೆದು, ಗುಂಡಿನ ಮನೆಯು ಬರಿದಾಗಿರುವುದನ್ನು ಕಣ್ಣಿನಿಂದ ಕಂಡು, ಬೆರಳಿನಿಂದಲೂ ತಡವಿದ ಬಳಿಕವೇ ಬೋಲ್ಟಿನ ತಲೆಯನ್ನು ಮೇಲಕ್ಕೆ ಹೊರಳಿಸಿ ಅದನ್ನು ಹೊರತೆಗೆಯಬೇಕು. ಅಂದಿನ ತೋಟಾದ ಕ್ಯಾಪು ಸಿಡಿದು ನಳಿಗೆಯಲ್ಲುಳಿಯುತ್ತಿದ್ದ ಲವಣವು ಎಣ್ಣೆಗೆ ಕರಗದೆ, ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿದ್ದುದರಿಂದ, ಗುಂಡು ಹಾರಿಸಿದ ದಿನವೇ ಕುದಿಯುವ ನೀರನ್ನು ನಳಿಗೆಯೊಳಗೆ ಹೊಯ್ಯುತ್ತಿದ್ದರು. ನೀರು ಲವಣವನ್ನು ಕರಗಿಸಿ ಒಯ್ಯುವುದು. ಅದರ ಕಾವಿಗೆ ನಳಿಗೆಯೂ ಬೇಗನೆ ಒಣಗುವುದು. ಆಮೇಲೆ ಹಿತ್ತಾಳೆಯ ತೂಕವಿದ್ದ ಹುರಿಯನ್ನು ಹಿಂಬದಿಯಿಂದ ಇಳಿಬಿಟ್ಟು, ಅದರ ಕುಣಿಕೆಗೆ ಸಿಕ್ಕಿಸಿದ ಬಟ್ಟೆಯನ್ನು ಎಳೆದು ತೆಗೆದು, ಬಂದೂಕಿನ ಹಿಂಗಟ್ಟಿಗೆಯ ಪೊಳ್ಳಿನೊಳಗಿನ ಪುಟ್ಟ ಕುಪ್ಪಿಯ ಎಣ್ಣೆಯನ್ನು ತೆಳ್ಳಗೆ ಸವರುತ್ತಿದ್ದರು. ಬೋಲ್ಟಿನ ಮೇಲೂ ಬಂದೂಕಿನ ಮೇಲೂ ಒಂದೇ ಸಂಖ್ಯೆ ಕೆತ್ತಿರುವುದು ಅಲಂಕಾರಕ್ಕಲ್ಲ: ಅನ್ಯ ಬೋಲ್ಟು ತೋಟಾದ ಬೆನ್ನಿಗೆ ಸರಿಯಾಗಿ ಆತುಕೊಳ್ಳದಿದ್ದರೆ ತೋಟಾ ಒಡೆದು, ಬಿಸಿಯನಿಲವು ಹಾರಿಸುವವನ ಮುಖದತ್ತಲೇ ನುಗ್ಗಬಹುದು. ಸಾಲಾಗಿ ಬಿಚ್ಚಿಟ್ಟ ಬಂದೂಕುಗಳ ನಡುವೆ ಕುಳಿತವನು ಆ ಸಂಖ್ಯೆಯನ್ನು ಓದದೆ ಬೋಲ್ಟನ್ನು ಸೇರಿಸಬಾರದೆಂಬ ಕಟ್ಟಳೆಯನ್ನು ನಾನು ಅತ್ಯಂತ ಮಾನ್ಯವೆಂದು ಭಾವಿಸುತ್ತೇನೆ.

ಈ ಶ್ರದ್ಧೆಯು ಆಚಾರವಾಗಿಯೇ ನೆಲೆನಿಂತಿರುವುದು ಕೊಡಗಿನಲ್ಲಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿನ ಜನರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿಯನ್ನಿತ್ತನು. ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತವೆಂಬ ಹಬ್ಬದಲ್ಲಿ ಅವರು ಮನೆಯ ಕೋವಿಗಳನ್ನು ಉಜ್ಜಿ ಶುಚಿಗೊಳಿಸಿ, ತೋಕ್ ಪೂವೆಂಬ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯು ಆ ಬಳಿಕ.