ಚಿಕ್ಕವ್ವನ ಚೌಕಾಬಾರ, ಇಲಿಯ ಗೆರೆ

ಮಳವಳ್ಳಿಯಿಂದ ಚಿಕ್ಕವ್ವ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಸರ್ವರ್ ಯಾಕೆ ನಿಧಾನ ಅಂತ ಲಾಗ್ ನೋಡ್ತಾ ಕೂತಿದ್ದೆ. "ಎಡಗಣ್ಣು ಮಂಜು ಕಣ್ಲಾ, ಕುಂಕುಮಾನೂ ಮಾಸಿದಂಗೆ ಕಾಣ್ತದೆ" ಅಂದಳು. ಅಲ್ಲೊಬ್ಬರು ಕಣ್ಣು ಚೆನ್ನಾಗೇ ಇದೆ ಅಂತ ಕನ್ನಡಕ ಕೊಟ್ಟು ಕಳಿಸಿದ್ದರು. ಹದಿನೈದು ದಿನ ಹಾಗೇ ಹೋಯ್ತು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ತಲೆಗೆ ವೈರು ಅಂಟಿಸಿ ಟಿವಿ ಮುಂದೆ ಕೂರಿಸಿದರು. ಕಪ್ಪು ಬಿಳಿ ಚೌಕಗಳು ಸೆಕೆಂಡಿಗೆ ಎರಡು ಸಲ ಅದಲುಬದಲು. "ಏನ್ಲಾ ಇದು, ಚೌಕಾಬಾರದ ಮನೆ ಕುಣೀತಾವೆ!"

ಆ ಕುಣಿತಕ್ಕೆ ಮಿದುಳು ಕೊಡುವ ಉತ್ತರ ಕೆಲವೇ ಮೈಕ್ರೋವೋಲ್ಟ್. ಉಳಿದ ಗದ್ದಲದಲ್ಲಿ ಅದು ಮುಳುಗಿಹೋಗುತ್ತೆ. ಜಾತ್ರೆ ಗಲಾಟೆಯಲ್ಲಿ ದೂರದ ತಮಟೆ ಇದ್ದ ಹಾಗೆ: ಒಂದು ಪೆಟ್ಟು ಕೇಳಿಸಲ್ಲ, ಆದರೆ ಅದೇ ಲಯದ ನೂರು ಪೆಟ್ಟನ್ನು ಒಂದರ ಮೇಲೊಂದು ಕೂಡಿಸಿದರೆ ಗಲಾಟೆ ತಂತಾನೇ ಅಳಿಸಿ ತಮಟೆ ಉಳಿಯುತ್ತೆ. 1951ರಲ್ಲಿ ಲಂಡನ್ನಿನ ಜಾರ್ಜ್ ಡಾಸನ್ ಈ ಕೂಡಿಸುವ ಉಪಾಯವನ್ನು ಯಂತ್ರದಲ್ಲಿ ಮಾಡಿ ತೋರಿಸಿದ. 1972ರಲ್ಲಿ ಹ್ಯಾಲಿಡೇ ಮತ್ತು ಸಂಗಡಿಗರು ಕಣ್ಣಿನ ನರ ಉರಿಯೂತವಾದವರಿಗೆ ಚೌಕದ ಮಣೆ ತೋರಿಸಿದರು. ಸಾಮಾನ್ಯರಲ್ಲಿ ಸುಮಾರು 100 ಮಿಲಿಸೆಕೆಂಡಿಗೆ ಬರಬೇಕಾದ ಅಲೆ ಅವರಲ್ಲಿ ತಡವಾಗಿ ಬಂತು. ನರದ ಮೇಲಿನ ಕೊಬ್ಬಿನ ಹೊದಿಕೆ ಸವೆದಿತ್ತು. ನಾವು ಲೇಟೆನ್ಸಿ ಅಂತೀವಲ್ಲ, ಅದೇ.

ಆದರೆ ಬರೀ ಬೆಳಕು ಸಾಲದೇ, ಚೌಕ, ಗೆರೆ ಯಾಕೆ? ಇದಕ್ಕೆ 1958ರ ಜಾನ್ಸ್ ಹಾಪ್ಕಿನ್ಸ್‌ಗೆ ಹೋಗಬೇಕು. ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿಗೆ ಸೂಜಿಯಂಥ ತಂತಿ ಇಳಿಸಿ ಗಂಟೆಗಟ್ಟಲೆ ಚುಕ್ಕಿ ತೋರಿಸಿದರು. ಜೀವಕೋಶ ಜಪ್ಪಯ್ಯ ಅನ್ನಲಿಲ್ಲ. ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ತೆಳು ನೆರಳು ಪರದೆ ಮೇಲೆ ಹಾಯ್ತು ನೋಡಿ, ಆ ಕೋಶ ಪಟಪಟ ಶುರುವಾಯ್ತು! ಅದಕ್ಕೆ ಬೇಕಿದ್ದುದು ಚುಕ್ಕಿಯಲ್ಲ, ಒಂದು ಓರೆಯ ಗೆರೆ. 1981ರಲ್ಲಿ ಇಬ್ಬರಿಗೂ ನೊಬೆಲ್.

ಇಲಿಯನ್ನು ಮಾತ್ರ ಬಹುಕಾಲ ಯಾರೂ ಲೆಕ್ಕಕ್ಕೆ ಇಡಲಿಲ್ಲ. ಅದಕ್ಕೆ ಕಣ್ಣು ಮಂದ. ಕೈ ಚಾಚಿ ಹೆಬ್ಬೆರಳು ಹಿಡಿದರೆ ಕಾಣುವಷ್ಟು ಅಗಲದಲ್ಲಿ ಒಂದು ಕಪ್ಪು, ಒಂದು ಬಿಳಿ ಪಟ್ಟೆ ಇದ್ದರೆ ಇಲಿಗೆ ಗೊತ್ತಾಗುತ್ತೆ. ಅದಕ್ಕಿಂತ ಸಣ್ಣದಾದರೆ ಎಲ್ಲ ಬೂದಿ. ನಮ್ಮೂರಲ್ಲಿ ಭತ್ತದ ಗದ್ದೆ ಬದುವಿನ ಬಿಲ ಅಗೆದು ಇಲಿ ಬಚ್ಚಿಟ್ಟ ತೆನೆ ವಾಪಸ್ ತರ್ತಿದ್ರು, ಮೂಸಿಯೇ ಬದುಕೋ ಪ್ರಾಣಿ ಅಂತಲೇ ನನಗೂ ಅನ್ನಿಸಿತ್ತು. 1975ರಲ್ಲಿ ಉರ್ಸುಲಾ ಡ್ರೇಗರ್ ಇಲಿಯ ಮಿದುಳಿನಲ್ಲಿ ನೋಟದ ನಕ್ಷೆ ತೆಗೆದಳು. ಆಮೇಲೆ ವಂಶವಾಹಿ ತಿದ್ದುವ ವಿದ್ಯೆ ಇಲಿಯಲ್ಲೇ ಸುಲಭ ಅಂತಾದಾಗ ಎಲ್ಲರೂ ಅದರ ಹಿಂದೆ ಬಿದ್ದರು.

2010ರಲ್ಲಿ ಕ್ರಿಸ್ ನೀಲ್, ಮೈಕಲ್ ಸ್ಟ್ರೈಕರ್ ಗಾಳಿಯಲ್ಲಿ ತೇಲುವ ಥರ್ಮೋಕೋಲ್ ಚೆಂಡಿನ ಮೇಲೆ ಇಲಿಯನ್ನು ಬಿಟ್ಟು ಪಟ್ಟೆ ತೋರಿಸಿದರು. ಓಡುವಾಗ ಅದೇ ಪಟ್ಟೆಗೆ ಮಿದುಳಿನ ಉತ್ತರ ದುಪ್ಪಟ್ಟಿಗೂ ಹೆಚ್ಚು. ಅಲ್ಲಿಯವರೆಗಿನ ಪ್ರಯೋಗಗಳಲ್ಲಿ ಬಹುಪಾಲು ಮದ್ದು ಕೊಟ್ಟು ಮಲಗಿಸಿದ ಪ್ರಾಣಿಗಳು! ಅದೇ ಹೊತ್ತಿಗೆ ಎಂಐಟಿಯ ಮಾರ್ಕ್ ಬೇರ್ ತಂಡ ದಿನಾ ಅದೇ ಓರೆಯ ಪಟ್ಟೆ ತೋರಿಸಿತು. ದಿನ ಕಳೆದಂತೆ ಅಲೆ ದೊಡ್ಡದಾಯ್ತು; ಓರೆ ಬದಲಿಸಿದರೆ ಮತ್ತೆ ಚಿಕ್ಕದು. ನೋಡುವ ಜಾಗದಲ್ಲೇ ನೆನಪೂ ಕೂತಿತ್ತು. ಇದನ್ನು ಓದಿ ಎರಡು ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಆ ಇಲಿಗಳ ಗತಿ ಆಮೇಲೇನು ಅಂತಲೂ ಯೋಚನೆ ಬಂತು, ಸುಳ್ಳು ಹೇಳಲ್ಲ.

ಪಟ್ಟೆ ತೋರಿಸುವ ಕೆಲಸ ನಮ್ಮಲ್ಲೂ ನಡೀತಿದೆ, ಮನುಷ್ಯರ ಮೇಲೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸುಪ್ರತಿಮ್ ರೇ ಅವರ ತಂಡ, ಮರೆವಿನ ಕಾಯಿಲೆ ಶುರುವಾದ ಹಿರಿಯರಲ್ಲಿ ಪಟ್ಟೆಗೆ ಏಳುವ ಗಾಮಾ ಅಲೆ ಕುಗ್ಗಿರುತ್ತೆ ಅಂತ 2021ರಲ್ಲಿ ಪ್ರಕಟಿಸಿತು.

ಚಿಕ್ಕವ್ವನ ಬಲಗಣ್ಣಿನ ಅಲೆ 102ಕ್ಕೆ ಬಂದಿತ್ತು, ಎಡಗಣ್ಣಿನದು 138ಕ್ಕೆ. ಔಷಧಿ ಶುರುವಾಯ್ತು. ಆರು ತಿಂಗಳಿಗೆ ಕುಂಕುಮ ಕೆಂಪಾಗೇ ಕಾಣ್ತಿದೆ ಅಂದಳು. ಮತ್ತೆ ಅಳೆದಾಗ 131. ಕಾಗದ ನನ್ನ ಕೈಗೆ ಕೊಟ್ಟು, "ಇನ್ನೂ ಲೇಟಾ? ನಿಮ್ಮ ಮದ್ದೂರು ಟ್ರೇನ್‌ಗಿಂತ ವಾಸಿ ಬುಡ್ಲಾ" ಅಂತ ಬಸ್ ಹತ್ತಿದಳು.